ಗುಂಜಿಯವನನ್ನು ಗೆಲ್ಲಿಸಿದ ಭಾನುವಾರ

ಒಂದೇ ಕಾಲದಲ್ಲಿ ಬದುಕಿರದ ಇಬ್ಬರು ಪೈಲ್ವಾನರಿಗೆ ಇಪ್ಪತ್ತೈದು ವರ್ಷ ಕುಸ್ತಿ ಹಚ್ಚಿದ ಮೂರ್ಖರು ನಾವು, ನಾನು ಮತ್ತು ನನ್ನ ಖಾನಾಪುರದ ಗೆಳೆಯ. ಅವನ ಪೈಲ್ವಾನ ಅದೇ ತಾಲೂಕಿನ ಗುಂಜಿ ಊರ ಕಡೆಯವ, ನಾವಿಬ್ಬರೂ ಹುಟ್ಟುವ ಮೊದಲೇ ಸತ್ತವ. ಗೆಳೆಯ ಅವನನ್ನು ಕಂಡದ್ದು ಕುಸ್ತಿಯ ತಾಲೀಮು ಮನೆಯ ಗೋಡೆಯ ಮೇಲಿದ್ದ ಒಂದು ಮಾಸಿದ ಫೋಟೋದಲ್ಲಿ ಮಾತ್ರ. ನನ್ನ ಪೈಲ್ವಾನ ಆಗಾಗ ಬದಲಾಗುತ್ತಿದ್ದ. ಆಯಾ ಕಾಲಕ್ಕೆ ಟೀವಿಯಲ್ಲಿ, ಆಮೇಲೆ ಮೊಬೈಲಿನಲ್ಲಿ, ಮ್ಯಾಟಿನ ಮೇಲೆ ಯಾವನು ಗೆಲ್ಲುತ್ತಿದ್ದನೋ ಅವನೇ ನನ್ನವ. ಗೆಳೆಯ ಮಾತ್ರ ಗುಂಜಿಯವನನ್ನು ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಬೆಳಗಾವಿಯ ಹಿಂದವಾಡಿಯ ಮನೆಯಿಂದ ಸ್ಟೇಶನ್ನಿಗೆ ನಡೆದು, ಸಿಕ್ಕ ರೈಲು ಹಿಡಿದು ಖಾನಾಪುರದಲ್ಲಿ ಇಳಿಯುತ್ತಿದ್ದೆ. ಅವನ ಮನೆಯ ಕಟ್ಟೆಯ ಮೇಲೆ ಕೂತರೆ ಮಧ್ಯಾಹ್ನದ ಊಟದವರೆಗೆ ಅದೇ ಜಗಳ. ಹಂಚಿನ ಕಾರ್ಖಾನೆಯಲ್ಲಿ ಆಯುಷ್ಯವಿಡೀ ಮಣ್ಣು ಹದ ಮಾಡಿದವನು ಅವನು, ಮಣ್ಣಿನ ಕುಸ್ತಿ ಬಿಟ್ಟರೆ ಬೇರೆ ಕುಸ್ತಿಯೇ ಇಲ್ಲ ಅನ್ನುವವನು.

“ಮ್ಯಾಟ್ ಅಂದ್ರ ಹಾಸಿಗಿ,” ಅನ್ನುತ್ತಿದ್ದ. “ಹಾಸಿಗಿ ಮ್ಯಾಲ ಮಲಗತಾರ, ಕುಸ್ತಿ ಹಿಡಿಯೂದಿಲ್ಲ.”

“ನಿಮ್ಮ ಗುಂಜಿಯಂವ ಒಂದ ನಿಮಿಷದಾಗ ಮಲಗತಾನ, ಹಾಸಿಗಿ ಬೇಕಾಗತೈತಿ ಬಿಡು,” ಅನ್ನುತ್ತಿದ್ದೆ ನಾನು.

ನಮ್ಮ ಕಡೆ ಕಣದಲ್ಲಿ ಜೋಡಿ ಹಚ್ಚುವುದು ತಕ್ಕಡಿಯಿಂದಲ್ಲ. ಹಳೆಯ ಪಂಚರು ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ಕುತ್ತಿಗೆ ಹೆಗಲು ಮುಟ್ಟಿ ನೋಡಿ, ಹೂಂ ಅಂದರೆ ಜೋಡಿ ಆಯಿತು. ನಾವೂ ಹಾಗೇ ಮಾಡುತ್ತಿದ್ದೆವು. ನಾನು ಮೊಬೈಲ್ ಮುಂದೆ ಹಿಡಿದರೆ ಅವನು ಕಣ್ಣು ಕಿರಿದು ಮಾಡಿ ನನ್ನವನ ಕುತ್ತಿಗೆ ಅಳೆದು, “ಕುತ್ತಿಗಿ ಇಲ್ಲ ಇವಗ,” ಅಂತ ಹಗುರಾಗಿ ಅಂದುಬಿಡುತ್ತಿದ್ದ. ಮೈಯೆಲ್ಲ ಉರಿಯುತ್ತಿತ್ತು ನನಗೆ. ಒಮ್ಮೆ ಬೇಜಾರಾಗಿ, ಇಬ್ಬರದೂ ಬರಾಬರಿ, ಬಿಡಿಸಿಬಿಡೋಣ ಅಂದೆ. ಎರಡು ವಾರ ಮಾತು ಬಿಟ್ಟ. ಸೋತರೆ ಅವನಿಗೆ ಸಿಟ್ಟಿರಲಿಲ್ಲ, ಬಿಡಿಸಿದರೆ ಸಿಟ್ಟು. ಅದಕ್ಕಿಂತ ಹೆಚ್ಚಿನ ಸಿಟ್ಟು ನೂರಾ ಕುಸ್ತಿಯ ಮೇಲೆ, ಅಂದರೆ ಮೊದಲೇ ಮಾತಾಡಿಕೊಂಡು ಒಬ್ಬ ಸುಮ್ಮನೆ ಬಿದ್ದುಕೊಡುವ ಕುಸ್ತಿಯ ಮೇಲೆ.

ಈ ವರ್ಷ ಅವನಿಗೆ ಊಟ ಸೇರದಾಯಿತು, ಕಣ್ಣು ಹಳದಿಯಾದವು. ಬೆಳಗಾವಿಗೆ ಕರೆತಂದು ತೋರಿಸಿದ್ದು ನಾನೇ. ರಿಪೋರ್ಟು ಬಂದ ದಿನ ಡಾಕ್ಟರು ನನ್ನನ್ನೂ ಅವನ ಹೆಂಡತಿಯನ್ನೂ ಹೊರಗೆ ಕರೆದು, ಪಿತ್ತಕೋಶದ ಕ್ಯಾನ್ಸರು ಲಿವರಿಗೆ ಹಬ್ಬಿದೆ, ಆಪರೇಶನ್ನಿನ ಮಾತಿಲ್ಲ, ಕೆಲವು ತಿಂಗಳು ಅಂದರು. ಆಕೆ ಅಳಲಿಲ್ಲ. ಸೆರಗಿನಿಂದ ಬಾಯಿ ಒತ್ತಿಕೊಂಡು ನಿಂತಳು.

“ಅವರ ಮುಂದ ಈ ಮಾತ ತಗೀಬ್ಯಾಡ್ರಿ,” ಅಂದಳು. “ಗೊತ್ತಾತಂದ್ರ ಇದ್ದ ಎರಡ ತುತ್ತನೂ ಬಿಡ್ತಾರ. ನನ್ನ ಮ್ಯಾಲ ಆಣಿ ಮಾಡ್ರಿ.”

ಮಾಡಿದೆ. ಬರೀ ಕಾಮಣಿ, ಅಂದರೆ ಕಾಮಾಲೆ, ಅಂತ ಅವನಿಗೆ ಹೇಳಿದೆವು. ಅಂದಿನಿಂದ ರೈಲು ಹತ್ತುವುದೇ ಒಂದು ಶಿಕ್ಷೆಯಾಯಿತು. ಸುಳ್ಳು ಹೇಳಲು ಸಹ ಮೈಯಲ್ಲಿ ಕಸುವು ಬೇಕು, ನನಗೆ ಅರವತ್ತೆರಡು. ಆದರೂ ಆಣೆ ಮುರಿಯಬಾರದು, ಅವನಿಗೆ ಗೊತ್ತಾಗಬಾರದು, ಅಷ್ಟೇ ತಲೆಯಲ್ಲಿ.

ಹೋದ ತಿಂಗಳ ಒಂದು ಭಾನುವಾರ. ಕಟ್ಟೆಗೆ ಬರಲು ಆಗದೆ ಒಳಗೆ ಮಂಚದ ಮೇಲಿದ್ದ. ದನಿ ಸಣ್ಣದಾಗಿತ್ತು, ಆದರೂ ಶುರು ಮಾಡಿದ. ಗುಂಜಿಯವ ಕೆಳಗೆ ಹೊಕ್ಕು ಕಾಲು ಹಿಡಿದರೆ ನಿನ್ನವ ಏನು ಮಾಡ್ತಾನೆ ಹೇಳು ಅಂದ. ಅವನ ಕುತ್ತಿಗೆಯ ಎಲುಬು ನೋಡಿದೆ. ನನಗೆ ಜಗಳ ಸಾಕಾಗಿತ್ತು, ಎಲ್ಲ ಸಾಕಾಗಿತ್ತು. ಇದೊಂದಾದರೂ ಸುಖ ಸಿಗಲಿ ಇವನಿಗೆ ಅನ್ನಿಸಿತು.

“ಏನೂ ಮಾಡೂದಿಲ್ಲ, ಬೀಳ್ತಾನ,” ಅಂದೆ. “ಖರೇ ಹೇಳಬೇಕಂದ್ರ ಗುಂಜಿಯಂವನೇ ದೊಡ್ಡ ಪೈಲ್ವಾನ. ನೀ ಹೇಳೂದ ಬರೋಬ್ಬರಿ ಐತಿ.”

ನಗುತ್ತಾನೆ ಅಂದುಕೊಂಡಿದ್ದೆ. ಅವನು ನನ್ನನ್ನೇ ದಿಟ್ಟಿಸಿದ. ಅಡುಗೆಮನೆಯಲ್ಲಿ ಅವನ ಹೆಂಡತಿಯ ಚಹಾದ ಪಾತ್ರೆಯ ಸಪ್ಪಳ.

“ಡಾಕ್ಟರ್ ನಿನ್ನ ಮುಂದ ಏನ ಹೇಳ್ಯಾನ?” ಅಂದ.

“ಕಾಮಣಿ ಅಂತ...”

“ಇಪ್ಪತ್ತೈದ ವರ್ಷದಾಗ ನೀ ನನ್ನ ಒಂದ ಡಾವ್, ಒಂದ ಪಟ್ಟ ಒಪ್ಪಿದಂವ ಅಲ್ಲ. ಇವತ್ತ ಸುಮ್ನ ಬಿದ್ದ ಕೊಟ್ಟಿ. ನೂರಾ ಕುಸ್ತಿ ನನಗ ಗೊತ್ತಾಗೂದಿಲ್ಲೇನಲೇ?”

ಎಂಥ ಕತ್ತೆ ನಾನು. ಬಾಯಿ ಬಿಟ್ಟು ಹೇಳಬೇಡ ಅಂದಿದ್ದಳು ಆಕೆ, ನಾನು ಸೋತು ಹೇಳಿಬಿಟ್ಟಿದ್ದೆ. ಅವನು ಅಡುಗೆಮನೆಯ ಕಡೆ ಗದ್ದ ಎತ್ತಿ ತೋರಿಸಿದ.

“ಅಕಿಗೆ ಗೊತ್ತೈತೇನು?”

“ಐತಿ.”

“ಹಂಗಾರ ನನಗ ಗೊತ್ತಾಗೇತಿ ಅಂತ ಅಕಿಗೆ ಹೇಳಬ್ಯಾಡ. ಪಾಪ, ಮುಚ್ಚಿ ಇಟ್ಟೀನಿ ಅಂತ ಸಮಾಧಾನದಾಗ ಅದಾಳ.” ಉಸಿರು ತೆಗೆದುಕೊಂಡು ನನ್ನ ಮೊಣಕೈ ಹಿಡಿದ. ಹಿಡಿತದಲ್ಲಿ ಏನೂ ಇರಲಿಲ್ಲ. “ಈಗ ಖರೇ ಕುಸ್ತಿ ಹಿಡಿ. ಗುಂಜಿಯಂವ ಕಾಲಿಗೆ ಬಂದ. ನಿನ್ನಾಂವ ಏನ ಮಾಡ್ತಾನ?”

“ಏನ ಮಾಡ್ತಾನ, ಹಿಂದ ಸರದ ಕುತ್ತಿಗಿ ಒತ್ತತಾನ,” ಅಂದೆ. “ನಿಮ್ಮ ಮುದುಕ ಮಣ್ಣ ಮುಕ್ಕತಾನ.”

“ಮಣ್ಣ ಮುಕ್ಕೂದು ನಿಮ್ಮಪ್ಪ.”

“ಫೋಟೋದಾಗಿನಂವನ್ನ ಕಟ್ಟಿಗೊಂಡ ಎಷ್ಟ ಹಾರ್ಯಾಡ್ತಿಲೇ ನೀ.”

ದನಿ ಏರಿತು. ಅವನೂ ಏರಿಸಿದ, ಕೆಮ್ಮಿದ, ಮತ್ತೆ ಏರಿಸಿದ. ಗುಂಜಿಯವನನ್ನು ನಾನು ಮೂರು ಸಲ ಕೆಡವಿದೆ. ಅಷ್ಟು ದಣಿಸುವ ಕೆಲಸ ನಾನು ಜನ್ಮದಲ್ಲಿ ಮಾಡಿಲ್ಲ.

ಅವನ ಹೆಂಡತಿ ಚಹಾ ತಂದಳು. ಬಾಗಿಲಲ್ಲಿ ಕಪ್ಪು ಹಿಡಿದು ನಿಂತು ನಮ್ಮಿಬ್ಬರನ್ನೂ ನೋಡಿದಳು. ಎಷ್ಟೋ ದಿನಗಳ ಮೇಲೆ ಅವಳ ಮುಖ ಸಡಿಲಾಗಿತ್ತು.

“ಇವತ್ತ ಚಲೋ ಅದಾರ ನೋಡ್ರಿ,” ಅಂದಳು ನನಗೆ. “ಮೊದಲಿನಗತೆ ಜಗಳಾಡಾಕತ್ತಾರ.”

ಅವನು ನನ್ನ ಕಡೆ ನೋಡಲಿಲ್ಲ. ಹೌದ್ರಿ ಅಂದೆ, ಚಹಾ ತೆಗೆದುಕೊಂಡೆ.