ಎರಡು ಭಾಷೆ ಕಲಿತು ಎರಡು ಊಟ ಉಂಡದ್ದು

ಮಾನ್ಯರೇ, ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಸೊಟ್ಟ ಅಕ್ಷರಕ್ಕೂ ಕಾಗುಣಿತದ ದೋಷಕ್ಕೂ ಮುಂಚಿತವಾಗಿಯೇ ಕ್ಷಮೆ ಕೋರುತ್ತೇನೆ.

ಸೌದಿ ಅರೇಬಿಯದ ಥುಕ್ಬಾದಲ್ಲಿರುವ ನಮ್ಮ ಕಂಪನಿಯ ಊಟದ ಕೋಣೆಯಲ್ಲಿ ಕಳೆದ ವಾರ ಇಬ್ಬರು ಮೇಲಧಿಕಾರಿಗಳ ನಡುವೆ ಸಿಕ್ಕಿಕೊಂಡೆ. ಒಬ್ಬರು ಬೈರೂತಿನ ಆರ್ಮೇನಿಯನ್, ಇನ್ನೊಬ್ಬರು ಯುಗೊಸ್ಲಾವಿಯದ ಕ್ರೊಯೇಷಿಯನ್. ತಂಗಿಯ ಮದುವೆಗೆ ನನಗೆ ರಜೆ ಸಿಗಲು ಇಬ್ಬರ ಒಪ್ಪಿಗೆಯೂ ಅಗತ್ಯವಿತ್ತು. ಆದಕಾರಣ ನಮ್ಮ ಊರಿನ ಕ್ರಮದಂತೆ "ಊಟ ಆಯಿತೇ?" ಎಂದು ಅವರವರ ಭಾಷೆಯಲ್ಲಿಯೇ ವಿಚಾರಿಸಲು, ಅವರಿಂದಲೇ ಕಲಿತಿದ್ದೆ. ಆರ್ಮೇನಿಯನ್ನಿನಲ್ಲಿ ಒಂದೇ ಪದ ಸಾಕು, ಆದರೆ ಲಿಪಿ ಪೂರ್ತಿ ಹೊಸತು. ಕ್ರೊಯೇಷಿಯನ್ ಅಕ್ಷರಗಳು ಇಂಗ್ಲಿಷಿನವೇ, ಆದರೆ ಗಂಡಸನ್ನು ಕೇಳುವ ರೀತಿ ಬೇರೆ, ಹೆಂಗಸನ್ನು ಕೇಳುವ ರೀತಿ ಬೇರೆ.

ಅಂದು ಇಬ್ಬರನ್ನೂ ಹಾಗೆಯೇ ಕೇಳಿದೆ. ನಮ್ಮಲ್ಲಿ ಆ ಪ್ರಶ್ನೆ ಬರಿಯ ನಮಸ್ಕಾರ. ಸದರಿಯವರು ಮಾತ್ರ ನನಗೇ ಹಸಿವಾಗಿದೆಯೆಂದು ಭಾವಿಸಿದರು. ಒಬ್ಬರು ಗೋಧಿನುಚ್ಚು ಮತ್ತು ಮಾಂಸ ಬಡಿಸಿದರು, ಇನ್ನೊಬ್ಬರು ಕೀಮಾ ತುಂಬಿದ ದೊಣ್ಣೆಮೆಣಸು. ಬೇಡವೆಂದರೆ ರಜೆಗೆ ಕುತ್ತು ಬಂದೀತೆಂದು ಎರಡೂ ತಟ್ಟೆ ಖಾಲಿ ಮಾಡಿದೆ.

ಪಕ್ಕದಲ್ಲಿದ್ದ ಉಳ್ಳಾಲದ ಹಮೀದ್ ಪಿಸುಗುಟ್ಟಿದ: "ಎಂತ ಮಾರಾಯ, ಮದುವೆ ಊಟ ಇಲ್ಲೇ ಮುಗಿಸ್ತೀಯಾ?"

ಅಷ್ಟರಲ್ಲಿ ಅಧಿಕಾರಿಗಳಿಬ್ಬರೂ ಒಟ್ಟಿಗೇ ಕೇಳಿದರು: "ಹೇಳು, ಯಾರ ಭಾಷೆ ಸುಲಭ?"

"ಆಡಲು ಆರ್ಮೇನಿಯನ್, ಓದಲು ಕ್ರೊಯೇಷಿಯನ್. 'ಸಾಕು' ಎನ್ನುವುದನ್ನು ಮಾತ್ರ ಇಬ್ಬರೂ ಕಲಿಸಲಿಲ್ಲ ಸರ್!"

ಇಬ್ಬರೂ ನಕ್ಕು ರಜೆಗೆ ಒಪ್ಪಿದರು.

ಇಷ್ಟು ವರ್ಷ ಆ ಪ್ರಶ್ನೆ ಕೇಳಿ, ಉತ್ತರಕ್ಕೂ ನಿಲ್ಲದೆ ನಡೆಯುತ್ತಿದ್ದೆ. ಈಗ ಕೇಳಿದರೆ ನಿಲ್ಲುತ್ತೇನೆ. ತಪ್ಪು ಕಂಡಲ್ಲಿ ಓದುಗರು ದಯವಿಟ್ಟು ತಿದ್ದಬೇಕಾಗಿ ವಿನಂತಿ.