ಹೌದಿನೊಳಗಿನ ಕರಿ ಕೋಟು

ನಾನು ಚಿಕ್ಕವನಿದ್ದಾಗ ಉದಗೀರದ ನಮ್ಮ ಓಣಿಯಲ್ಲಿ ನನ್ನ ಅಣಕಕ್ಕೆ ಸಿಗದ ಮನುಷ್ಯರೇ ಇರಲಿಲ್ಲ. ಯಾರು ಹೇಗೆ ನಡೆಯುತ್ತಾರೆ, ಯಾರು ಹೇಗೆ ಕೆಮ್ಮುತ್ತಾರೆ, ಎಲ್ಲ ಮಾಡಿ ತೋರಿಸುತ್ತಿದ್ದೆ. ಯಾರೂ ಸಿಗದ ದಿನ ನನ್ನನ್ನೇ ಅಣಕಿಸಿಕೊಳ್ಳುತ್ತಿದ್ದೆ, ಮೂಗು ಒರೆಸುತ್ತ, ಜಾರುವ ಚೊಣ್ಣ ಮೇಲೆಳೆಯುತ್ತ. ಅಪ್ಪನನ್ನು ಮಾತ್ರ ಅವರ ಬೆನ್ನ ಹಿಂದೆಯೇ ಮಾಡುತ್ತಿದ್ದೆ. ಜೀವದ ಆಸೆ ಯಾರಿಗಿಲ್ಲ?

ಅಪ್ಪನದು ಅರಿವೆ ಅಂಗಡಿ. ಉರಿಬಿಸಿಲಲ್ಲೂ ಮೈಮೇಲೆ ಕರಿ ಕೋಟು. ಯಾರನ್ನೂ ನಂಬುತ್ತಿರಲಿಲ್ಲ. ಗಿರಾಕಿ ನಕ್ಕರೆ "ಯಾಕ ನಕ್ಕ?" ಎಂಬ ಸಂಶಯ, ನಗದಿದ್ದರೆ "ಯಾಕ ನಗಲಿಲ್ಲ?" ಎಂಬ ಸಂಶಯ. ಹೊಸ ಬಟ್ಟೆಯ ಥಾನು ಬಂದರೆ ಕಣ್ಣು ಹೊರಗೆ ಬೀಳುವ ಹಾಗೆ ನೋಡುವರು. ಹಿಡಿಯುವರು, ಬಿಡುವರು, ಕತ್ತು ವಾರೆ ಮಾಡುವರು, ಮತ್ತೆ ಹಿಡಿಯುವರು. ಯಾವ ಮಾತಿಗೂ ಸಲೀಸಾಗಿ ಹೌದು ಎನ್ನದ ಅವರ ಹಿತ್ತಲ ತೋಟದಲ್ಲೇ ಒಂದು ಹೌದು ಇತ್ತು. ಕಲ್ಲಿನಲ್ಲಿ ಕಟ್ಟಿದ ನೀರಿನ ಕೊಳಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ.

ಒಂದು ಚಳಿಗಾಲ ನಿಜಾಮ ಸರಕಾರದ ಸಾಹೇಬರೊಬ್ಬರಿಗೆ ನಮ್ಮೂರಿಂದ ನಿಲಂಗಾಕ್ಕೆ ಬದಲಿಯಾಯಿತು. ಹೈದರಾಬಾದಿನಿಂದ ತರಿಸಿದ ತಮ್ಮ ಬಂಗಾರದ ಮೀನುಗಳನ್ನು, ಅಲ್ಲೊಂದು ಹೌದಿರುವ ಮನೆ ಸಿಗುವವರೆಗೆ, ಅಪ್ಪನ ಕೈಗೆ ಒಪ್ಪಿಸಿ ಹೋದರು. ಅಜ್ಜಿ ಎದೆ ಹಿಡಿದುಕೊಂಡಳು.

"ಲಿಂಗ ಕಟ್ಟಿದವ್ರ ಮನ್ಯಾಗ ಮೀನಾ? ಮಂದಿ ಏನ ತಿಳ್ಕೋತಾರ?"

"ಸಾಕಲಿಕ್ಕ ಅವ್ವಾ, ಸಾರಿಗಲ್ಲ," ಎಂದರು ಅಪ್ಪ.

ನನಗೂ ಅಕ್ಕನಿಗೂ ಹಬ್ಬ. ಮೀನಿನ ಜಾತಿಗಳು ನಮಗೆ ಗೊತ್ತಿರಲಿಲ್ಲ, ಓಣಿಯ ಮಂದಿ ಗೊತ್ತಿದ್ದರು. ಬಾಲ ಎರಡಾಗಿ ಸೀಳಿ ಜೋತಾಡುವುದಕ್ಕೆ ‘ಧೋತರ’ ಎಂದೆವು. ತಲೆಯ ಮೇಲೆ ಗಂಟುಗಂಟಾಗಿ ಬೆಳೆದದ್ದಕ್ಕೆ ‘ರುಮಾಲು’. ಒಂಟಿ ಬಾಲ ಬೀಸುತ್ತ ಒಂದು ಗಳಿಗೆ ನಿಲ್ಲದೆ ಓಡುವುದು ‘ಟಪಾಲಿ’. ಹೊಟ್ಟೆ ಗುಂಡಗೆ ಊದಿಕೊಂಡು ಸದಾ ರೊಟ್ಟಿಗೆ ಬಾಯಿ ತೆರೆಯುವುದಕ್ಕೆ ಅಕ್ಕ ನನ್ನ ಹೆಸರನ್ನೇ ಇಟ್ಟಳು. ನಾನೂ ಹಾಗೇ ಬಾಯಿ ತೆರೆದು ತೋರಿಸಿ ಒಪ್ಪಿಕೊಂಡೆ.

ಇವೆಲ್ಲ ಕೆಂಪು ಬಂಗಾರದ ಬಣ್ಣದವು. ಕೊನೆಯದೊಂದು ಮಾತ್ರ ಮಖಮಲ್ಲಿನಂಥ ಕಪ್ಪು. ಕಣ್ಣು ಎರಡೂ ಗುಡ್ಡೆಗುಡ್ಡೆಯಾಗಿ ಹೊರಗೆ ಬಂದಿದ್ದವು. ರೊಟ್ಟಿಯ ತುಣುಕು ಬಿದ್ದರೆ ಬಾಯಿಗೆ ಹಾಕಿಕೊಳ್ಳುವುದು, ಉಗುಳುವುದು, ಮೈ ವಾರೆ ಮಾಡಿ ದಿಟ್ಟಿಸುವುದು, ಮತ್ತೆ ಹಾಕಿಕೊಳ್ಳುವುದು. ಅದರ ಹೆಸರನ್ನು ಅಕ್ಕನ ಕಿವಿಯಲ್ಲಷ್ಟೇ ಹೇಳಿದೆ: ‘ಅಪ್ಪ’.

ನಿಜವಾದ ಅಪ್ಪನಿಗೆ ನಿದ್ದೆ ಹೋಯಿತು. ಬೆಕ್ಕಿನ ಮೇಲೆ ಸಂಶಯ, ಕೊಕ್ಕರೆಯ ಮೇಲೆ ಸಂಶಯ, ವಲಾಂಡಿಯಿಂದ ಜೋಳ ತರುವ ಗಾಡಿಯವನ ಮೇಲೆ ಸಂಶಯ. ನನ್ನ ಮೇಲಂತೂ ಹುಟ್ಟಿದಾಗಿನಿಂದ ಇತ್ತು. ಹೌದಿನ ಮೇಲೆ ಬಿದಿರಿನ ತಟ್ಟಿ ಹೊಚ್ಚಿಸಿ, ತಟ್ಟಿಯ ಮೇಲೆ ಕಲ್ಲು ಹೇರಿಸಿದರು. ಮೂಲೆಯ ಒಂದು ಕಿಂಡಿಯಿಂದ ಅಕ್ಕ ರೊಟ್ಟಿಪುಡಿ ಉದುರಿಸುತ್ತಿದ್ದಳು. ಬೇಸಿಗೆಯುದ್ದಕ್ಕೂ ನಮಗೆ ಪಾಚಿಯ ವಾಸನೆ ಬರುತ್ತಿತ್ತು, ಗುಳುಕ್ ಎಂಬ ಸಪ್ಪಳ ಕೇಳುತ್ತಿತ್ತು. ಮೀನು ಮಾತ್ರ ಕಾಣುತ್ತಿರಲಿಲ್ಲ.

ಸಾಹೇಬರು ಮೀನು ಒಯ್ಯಲು ಬರುವ ದಿನ ಮುಂಜಾನೆ ತಟ್ಟಿ ತೆಗೆದು ಪಾಚಿ ಬಳಿದು ತೆಗೆಸಿದರು. ಅಪ್ಪ ಬಗ್ಗಿ ನೋಡಿದರು.

"ಕರೀದು ಎಲ್ಲದ?"

ಅಜ್ಜಿ ನೆಟ್ಟಗೆ ಅಡಿಗೆಮನೆಗೆ ಹೋಗಿ ಒಂದೊಂದೇ ಗಡಿಗೆಯನ್ನು ಮೂಸಿ ನೋಡಿದಳು. ಅಷ್ಟಕ್ಕೇ ಬಿಡದೆ ಗೋಡೆಯಾಚೆಯ ಮನೆಯ ಹೊಗೆಯನ್ನೂ ಮೂಸಿದಳು. ಅಪ್ಪ ಮೀನು ಎಣಿಸಿದರು. ಲೆಕ್ಕ ಸರಿಯಾಗಿತ್ತು! ಅದು ಇನ್ನೂ ಕೆಟ್ಟದಾಯಿತು.

"ಮಾಲು ಬದ್ಲ ಮಾಡ್ಯಾರ! ಕರೀದು ಒಯ್ದು ಕೆಂಪುದು ಬಿಟ್ಟಾರ." ಅಕ್ಕನತ್ತ ತಿರುಗಿ ಕೇಳಿದರು, "ತಟ್ಟಿ ಯಾರಿಗರೆ ತಗದು ತೋರ್ಸಿದ್ದೇನು?"

"ಇಲ್ರಿ ಅಪ್ಪಾ, ದೇವರಾಣಿ," ಎಂದ ಅಕ್ಕನ ಕಣ್ಣು ತುಂಬಿದವು.

ಅಷ್ಟರಲ್ಲಿ ಗಾಡಿ ಬಂದೇಬಿಟ್ಟಿತು. ಅತ್ತರಿನ ವಾಸನೆ ಮೊದಲು ಒಳಗೆ ಬಂತು, ಆಮೇಲೆ ಸಾಹೇಬರು. ಹೌದಿನ ಸುತ್ತ ಒಂದು ಸುತ್ತು ಬಂದು ಬೆತ್ತ ಊರಿ ನಿಂತರು. ಅವರು ನೋಡುತ್ತಿದ್ದುದು ನೀರನ್ನಲ್ಲ, ಅಪ್ಪನ ಮುಖವನ್ನು.

"ಶೇಟಜೀ, ನನ್ನ ಕಾಲಾ ಮೀನು ಬದ್ಲ ಆಗ್ಯಾದಲ್ಲಾ?"

ಅಪ್ಪ ಲೋಕವನ್ನು ನೋಡುತ್ತಿದ್ದ ಹಾಗೆ ಅಪ್ಪನನ್ನು ಯಾರಾದರೂ ನೋಡಿದ್ದು ನಾನು ಕಂಡದ್ದು ಅಂದೇ. ಅವರ ಕೋಟಿನ ಬೆನ್ನು ಒದ್ದೆಯಾಯಿತು. ನಂಬಿ ಇಟ್ಟ ವಸ್ತುವನ್ನು ಬದಲಿಸಿದ ಎಂಬ ಹೆಸರು ಬಂದರೆ ಆ ಅಂಗಡಿಯ ಮೆಟ್ಟಿಲು ಇನ್ನಾರು ಹತ್ತುತ್ತಾರೆ?

ಆಗ ಒಂದು ಕೆಂಪು ಮೀನು ದಂಡೆಗೆ ಬಂದು ಕಲ್ಲಿಗೆ ಮೂತಿ ತಾಗಿಸಿಕೊಂಡಿತು. ತೇಲುತ್ತಿದ್ದ ರೊಟ್ಟಿಪುಡಿಯನ್ನು ಬಾಯಿಗೆ ಹಾಕಿಕೊಂಡಿತು. ಉಗುಳಿತು. ವಾರೆಯಾಗಿ ದಿಟ್ಟಿಸಿತು.

"ಅಪ್ಪಾ!" ಎಂದು ಚೀರಿದೆ.

"ಏನೋ?" ಎಂದರು ಅಪ್ಪ.

"ನೀವಲ್ರಿ, ಇಂವಾ!"

ಎಲ್ಲರೂ ನನ್ನತ್ತ ನೋಡಿದರು. ಇನ್ನು ಬಚಾವಿಲ್ಲ. ಇಲ್ಲದ ಕೋಟನ್ನು ಎಳೆದುಕೊಂಡು ಸರಿಮಾಡಿದೆ, ಕಣ್ಣು ಹೊರಗೆ ತಂದೆ, ಇಲ್ಲದ ಥಾನನ್ನು ಹಿಡಿದೆ, ಬಿಟ್ಟೆ, ಕತ್ತು ವಾರೆ ಮಾಡಿ ಮತ್ತೆ ಹಿಡಿದೆ. ನೀರಿನಲ್ಲಿ ಆ ಮೀನೂ ಅದನ್ನೇ ಮಾಡುತ್ತಿತ್ತು.

"ಕರೀದು ಇದೇ ರೀ ಸಾಹೇಬ್ರ. ಸೆಕಿಗಿ ಕೋಟು ಕಳದದ, ಅಷ್ಟ."

ಸಾಹೇಬರು ಮೊಣಕಾಲೂರಿ ಬಗ್ಗಿದರು. ಕೆಂಪು ರೆಕ್ಕೆಯ ತುದಿಯಲ್ಲಿ, ಬಿಚ್ಚಿದ ಕೋಟಿನ ಅಂಚು ಉಳಿದಂತೆ, ಸಣ್ಣ ಕಪ್ಪು ಗೆರೆ ಇನ್ನೂ ಇತ್ತು. ಉಬ್ಬಿದ ಕಣ್ಣುಗಳು ಅವೇ. ಕಪ್ಪನ್ನಷ್ಟೇ ಹುಡುಕಿದ ನಮಗೆ ಅವೂ ಕಂಡಿರಲಿಲ್ಲ. ಸಾಹೇಬರು ಹೊಟ್ಟೆ ಅಲುಗಿಸಿ ನಕ್ಕರು.

"ರಂಗ್ ಉಡ್ ಗಯಾ! ಬಣ್ಣಾ ಬಿಟ್ಟದ, ಶೇಟಜೀ!"

"ಅದು ನಮ್ಮ ಅಂಗಡಿ ಮಾಲ ಅಲ್ರೀ," ಎಂದರು ಅಪ್ಪ, ಜೀವ ಬಂದವರಂತೆ. "ನಮ್ಮದು ಪಕ್ಕಾ ಬಣ್ಣ."

ಗಾಡಿ ಹೋದ ಮೇಲೆ ಅಪ್ಪ ಅಕ್ಕನ ತಲೆ ನೇವರಿಸಿದರು. ಆಮೇಲೆ ಕತ್ತು ವಾರೆ ಮಾಡಿ, ಕಣ್ಣರಳಿಸಿ, ನನ್ನನ್ನು ದಿಟ್ಟಿಸಿದರು.

"ನಾ ಹಂಗ ನೋಡ್ತೀನೇನಲೇ?"

"ಹೌದ್ರಿ," ಎಂದೆವು ನಾನೂ ಅಕ್ಕನೂ.

ಅಪ್ಪ ಕೋಟು ಬಿಚ್ಚಿ ದಾಳಿಂಬೆಯ ಟೊಂಗೆಗೆ ಹಾಕಿದರು.

ಈಗ ನನ್ನ ಮೊಮ್ಮಕ್ಕಳ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯಿದೆ. ಒಳಗೆ ವಿದ್ಯುತ್ ದೀಪ, ಗುಳುಗುಳು ಗಾಳಿ. ತಟ್ಟಿಯಿಲ್ಲ, ಕಲ್ಲಿಲ್ಲ. ಮೀನಿಗೆ ಅಡಗಲು ಜಾಗವೂ ಇಲ್ಲ. ಚಿತ್ರದ ಪುಸ್ತಕ ನೋಡಿ ಫ್ಯಾನ್‌ಟೇಲ್, ಕಾಮೆಟ್, ಬ್ಲ್ಯಾಕ್ ಮೂರ್ ಎಂದು ಪಟಪಟನೆ ಜಾತಿ ಹೇಳುತ್ತಾರೆ. ಮೊನ್ನೆ ಆ ಗುಡ್ಡೆಗಣ್ಣಿನ ಕರಿ ಬ್ಲ್ಯಾಕ್ ಮೂರ್ ಹೊಟ್ಟೆಯ ಮೇಲೆ ಕೆಂಪು ಕಂಡದ್ದೇ ತಡ, "ಅಂಗಡಿಯಂವಾ ಮೋಸ ಮಾಡ್ಯಾನಜ್ಜಾ!" ಎಂದು ಓಡಿ ಬಂದರು. ಆಗಲೇ ಈ ಕಥೆ ಹೇಳಿದ್ದು.

ಕೇಳಿ ಮುಗಿಸಿ ಆ ಮೀನಿಗೆ ತಾವೇ ಒಂದು ಹೆಸರಿಟ್ಟಿದ್ದಾರೆ. ಏನೆಂದು ಕೇಳಿದರೆ ನನ್ನ ದಪ್ಪ ಕನ್ನಡಕವನ್ನೊಮ್ಮೆ, ಮೀನನ್ನೊಮ್ಮೆ ನೋಡಿ ಬಾಯಿಗೆ ಕೈ ಒತ್ತಿಕೊಳ್ಳುತ್ತಾರೆ. ನನಗೇಕೋ ಸಂಶಯ.