ಕೊಪ್ಪರಿಗೆಯ ಮೇಲಿದ್ದ ಹೆಸರು

ಹುಣಸೆಹಣ್ಣು ಹಚ್ಚಿ ತಾಮ್ರ ತಿಕ್ಕುವಾಗ ಒಂದು ವಾಸನೆ ಬರುತ್ತದೆ. ಹುಳಿಯೂ ಹೌದು, ಲೋಹವೂ ಹೌದು, ಒದ್ದೆ ಬೂದಿಯದೂ ಸ್ವಲ್ಪ ಸೇರಿರುತ್ತದೆ. ನಾನೀಗ ಮಗಳ ಜೊತೆ ತಣಿಸಂದ್ರದ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಕೆಳಗೆ ಲಿಫ್ಟಿನ ಪಕ್ಕ ಒಂದು ಹಳೇ ತಾಮ್ರದ ಕೊಪ್ಪರಿಗೆ ಇಟ್ಟು, ನೀರು ತುಂಬಿ, ಸೇವಂತಿಗೆ ತೇಲಿಬಿಟ್ಟಿರುತ್ತಾರೆ. ನೂರಾರು ಜನಕ್ಕೆ ಅನ್ನ ಬೇಯಿಸಿದ ಪಾತ್ರೆಗೆ ಇಂಥ ಗತಿ ಬಂತಲ್ಲ ಎಂದು ನಾನು ದಿನಾ ಗೊಣಗುತ್ತೇನೆ. ಮೊನ್ನೆ ಕೆಲಸದಾಕೆ ಅದನ್ನು ಬೋರಲು ಹಾಕಿ ಹುಣಸೆಹಣ್ಣಿನಲ್ಲಿ ತಿಕ್ಕುತ್ತಿದ್ದಳು. ಕಿಲುಬು ಹೋದ ಕಡೆ, ಬಾಯಿಯ ಅಂಚಿನ ಕೆಳಗೆ, ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು ಕಂಡವು. ಯಾರದೋ ಹೆಸರು. ಕನ್ನಡಕ ಮೇಲೇ ಬಿಟ್ಟು ಬಂದಿದ್ದೆ, ಓದಲಾಗಲಿಲ್ಲ. ಓದಿದ್ದರೂ ಏನು ಬಂತು... ಪಾತ್ರೆಯ ಮೇಲಿನ ಹೆಸರನ್ನು ನಂಬಬಾರದು ಎನ್ನುವುದನ್ನು ಕಲಿತು ಅರವತ್ತು ವರ್ಷದ ಹತ್ತಿರ ಆಯಿತು.

ನಾನು ಮದುವೆಯಾಗಿ ಬೆಂಗಳೂರಿಗೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ಹೆಬ್ಬಾಳದ ಹತ್ತಿರ, ಬಳ್ಳಾರಿ ರಸ್ತೆಯಿಂದ ಒಳಕ್ಕೆ, ಆಗಷ್ಟೇ ಸೈಟು ಮಾಡಿ ಕಲ್ಲು ನೆಟ್ಟಿದ್ದ ಬಡಾವಣೆ. ಬಡಾವಣೆ ಎನ್ನುವುದು ಕಾಗದದಲ್ಲಿ ಮಾತ್ರ. ಕಣ್ಣಿಗೆ ಕಾಣುತ್ತಿದ್ದದ್ದು ರಾಗಿ ಕೊಯ್ದ ಹೊಲ, ಜಾಲಿ ಮರ, ಅಲ್ಲೊಂದು ಇಲ್ಲೊಂದು ತಳಪಾಯ. ನಮ್ಮದು ಐದನೆಯ ಮನೆ. ನಮ್ಮೆಜಮಾನರು ಯಶವಂತಪುರದ ಕಡೆಯ ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋದರೆ ಸಂಜೆಯವರೆಗೂ ನಾನು, ನಮ್ಮತ್ತೆ, ಮತ್ತೆ ಬೀಸುವ ಗಾಳಿ. ನಲ್ಲಿ ಬರುತ್ತದೆ, ಬರುತ್ತದೆ ಎಂದು ಹೇಳುತ್ತಲೇ ಇದ್ದರು. ಅದು ಬರುವ ಹೊತ್ತಿಗೆ ನನಗೆ ಎರಡು ಮಕ್ಕಳಾಗಿದ್ದವು.

ಅಲ್ಲಿಯವರೆಗೂ ನಮ್ಮನ್ನು ಸಾಕಿದ್ದು ಒಂದು ಬಾವಿ. ಆ ಬಾವಿಯ ಪಕ್ಕದ ಹೆಂಚಿನ ಮನೆಯಲ್ಲಿ ಒಬ್ಬರೇ ಇದ್ದ ಹೆಂಗಸನ್ನು ನಾವೆಲ್ಲ ಬಾವಿಮನೆಯಮ್ಮ ಎನ್ನುತ್ತಿದ್ದೆವು. ಬಡಾವಣೆಗೂ ಮುಂಚೆ, ಅಲ್ಲಿ ನರಪಿಳ್ಳೆ ಇಲ್ಲದ ಕಾಲದಲ್ಲಿ, ಅವರು ಗಂಡನ ಜೊತೆ ಪುಟ್ಟೇನಹಳ್ಳಿ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದವರು. ಬಂಜರು ಭೂಮಿ ಅಗ್ಗಕ್ಕೆ ಸಿಕ್ಕಿತ್ತಂತೆ. ಬಂದ ಎರಡನೇ ವರ್ಷಕ್ಕೇ ಗಂಡ ತೀರಿಕೊಂಡರು. ಆಗ ಬಾವಿ ಅರ್ಧ ತೋಡಿಯಾಗಿತ್ತು, ಬಂಡೆ ಅಡ್ಡ ಬಂದು ನಿಂತಿತ್ತು. ನೆಂಟರೆಲ್ಲ ಊರಿಗೆ ವಾಪಸು ಬಾ ಎಂದರಂತೆ. ಇವರು ಕೈಬಳೆ ಮಾರಿ, ಸಿಡಿಮದ್ದಿನವರನ್ನು ಕರೆಸಿ, ಬಂಡೆ ಒಡೆಸಿದರು. ತಾವೇ ಕಲ್ಲು ಹೊತ್ತರು. ನೀರು ಬಂದ ದಿನ ಬಾವಿಯೊಳಗೆ ಇಳಿದು ಒಂದೇ ಸಮ ನಕ್ಕರಂತೆ, ಮೇಲಿದ್ದವರು ತಲೆ ಕೆಟ್ಟಿತು ಎಂದುಕೊಂಡರಂತೆ. ಇದನ್ನು ಅವರೇ ನನಗೆ ಹೇಳಿದ್ದು, ಹಗ್ಗ ಸೇದುತ್ತಾ, ಯಾರದೋ ಕಥೆ ಹೇಳುವ ಹಾಗೆ.

ಮುಂದೆ ಅವರ ಹೊಲವೆಲ್ಲ ಬಡಾವಣೆಗೆ ಹೋಯಿತು. ಮನೆ, ಬಾವಿ, ರಾಗಿ ಒಕ್ಕುತ್ತಿದ್ದ ಕಣದ ಜಾಗ ಅಷ್ಟು ಉಳಿದಿತ್ತು. ನಾವು ಒಬ್ಬೊಬ್ಬರಾಗಿ ಬಂದು ಅವರ ಹೊಲದ ಮೇಲೆ ಮನೆ ಕಟ್ಟಿಕೊಂಡು, ಅವರ ಬಾವಿಗೇ ಕೊಡ ಇಳಿಸಿದೆವು. ಅವರು ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಹೊಸ ಸಂಸಾರ ಬಂತೆಂದರೆ ಮೊದಲ ಕೊಡ ನೀರು ತಾವೇ ಸೇದಿ ಹೊಸಿಲಿಗೆ ತಂದಿಡುತ್ತಿದ್ದರು. ಗೃಹಪ್ರವೇಶವೋ ಮಗುವಿನ ನಾಮಕರಣವೋ ಇದ್ದರೆ ಅಡುಗೆಗೆ ಅವರದೇ ಕೊಪ್ಪರಿಗೆ. ಇಬ್ಬರು ಹಿಡಿದು ಎತ್ತಬೇಕಾದಂಥ, ಒಳಗೆ ಕಲಾಯಿ ಹಾಕಿಸಿದ ತಾಮ್ರದ ಕೊಪ್ಪರಿಗೆ. ಬೀದಿಯಲ್ಲಿ ಯಾರ ಮನೆಯಲ್ಲಿ ಶುಭಕಾರ್ಯ ಎಂದು ಆ ಕೊಪ್ಪರಿಗೆ ಎಲ್ಲಿದೆ ಎನ್ನುವುದರ ಮೇಲೆ ಹೇಳಬಹುದಿತ್ತು. ನಮ್ಮತ್ತೆ ಅದನ್ನು ಎರಡೆರಡು ಸಲ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಅವರ ಶಾಸ್ತ್ರದಲ್ಲಿ ಹುಣಸೆಹಣ್ಣಿಗೆ ಹೋಗದ ಮೈಲಿಗೆ ಇರಲಿಲ್ಲ. ಹಾಗೆ ತಿಕ್ಕಿದಾಗೆಲ್ಲ ಅಂಚಿನ ಕೆಳಗೆ ಚುಕ್ಕಿ ಅಕ್ಷರಗಳು ಫಳಫಳ ಹೊಳೆಯುತ್ತಿದ್ದವು. ‘ಮುನಿಯಮ್ಮ’ ಎಂದು.

ನನಗೆ ಅವರನ್ನು ಕಂಡರೆ ತುಂಬ ಇಷ್ಟ. ಮೊದಲ ಬಸುರಿನಲ್ಲಿ ನನಗೆ ಏನೂ ಸೇರದೆ ಒದ್ದಾಡುವಾಗ ಹಸೀ ಹುಣಸೇಕಾಯಿಗೆ ಉಪ್ಪು ಖಾರ ಕುಟ್ಟಿ ಎಲೆಯಲ್ಲಿ ಮುಚ್ಚಿ ತಂದುಕೊಟ್ಟವರು. “ತಿನ್ನವ್ವ, ನಿಮ್ಮತ್ತೆ ಏನಾರ ಅಂದ್ರೆ ನನ್ ಎಸ್ರು ಏಳು” ಎನ್ನುತ್ತಿದ್ದರು. ಹೆಸರು ಹೇಳು ಎಂದವರ ಹೆಸರು ಕೇಳಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ಅರವತ್ತರ ದಶಕದ ನಡುವೆ, ಬಾವಿಮನೆಯಮ್ಮ ಬಿಟ್ಟುಕೊಟ್ಟ ಆ ಕಣದ ಜಾಗದಲ್ಲಿ ಪಾರ್ಕು ಮಾಡುವುದೆಂದು ನಿಶ್ಚಯವಾಯಿತು. ಬೇಲಿ, ನಾಲ್ಕು ಸಿಮೆಂಟು ಬೆಂಚು, ಗುಲ್‌ಮೊಹರ್ ಸಸಿ, ಮಕ್ಕಳಿಗೊಂದು ಜಾರುಬಂಡೆ. ಹೆಸರು ಏನಿಡಬೇಕು ಎಂದು ಬಡಾವಣೆಯ ಸಂಘದಲ್ಲಿ ಸಭೆ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಅಕ್ಷರ ದುಂಡಗಿತ್ತು, ಹಾಗಾಗಿ ಸಭೆಯ ನಡಾವಳಿ ಬರೆಯುವ ಕೆಲಸ ನನ್ನದು. ಬರೆಯುವವಳು ಬಾಯಿ ಮುಚ್ಚಿಕೊಂಡು ಬರೆಯಬೇಕು ಎನ್ನುವುದು ಅಲ್ಲಿದ್ದ ಗಂಡಸರ ಅಭಿಪ್ರಾಯ. ಒಬ್ಬರು ದೇವರ ಹೆಸರು ಎಂದರು, ಇನ್ನೊಬ್ಬರು ದೇಶದ ನಾಯಕರ ಹೆಸರು ಎಂದರು. ಇಲ್ಲಿಗೆ ಮೊದಲು ಬಂದವರ ಹೆಸರೇ ಇರಲಿ, ಆ ಬಾವಿಮನೆಯಮ್ಮನ ಯಜಮಾನರ ಹೆಸರಿಡೋಣ ಎಂದರು ಅಧ್ಯಕ್ಷರು.

ನಾನು ಪೆನ್ನು ಕೆಳಗಿಟ್ಟೆ. “ಅವರು ಬಂದು ಎರಡು ವರ್ಷಕ್ಕೇ ತೀರ್ಕೊಂಡ್ರಲ್ಲ ಸಾರ್. ಬಾವಿ ತೋಡಿಸಿದ್ದು ಯಾರು? ನಾವೆಲ್ಲ ಇಷ್ಟು ವರ್ಷ ಕುಡಿದದ್ದು ಯಾರ ನೀರು? ಇಡೋದಾದ್ರೆ ಆಯಮ್ಮನ ಹೆಸರು ಇಡಿ” ಎಂದುಬಿಟ್ಟೆ. ಆಮೇಲೆ ಹಿಂದಿನಿಂದ ಯಾರೋ ಸರಿ ಎಂದರು. ಇನ್ನೊಬ್ಬರು ಹೂಂ ಎಂದರು. ಅಧ್ಯಕ್ಷರು ನಕ್ಕು, “ಆಯ್ತಮ್ಮ, ನೀವು ಗೆದ್ರಿ. ಹೆಸರೇನು ಅವರದ್ದು, ಬರ್ಕೊಳಿ” ಎಂದರು.

ಹೆಸರೇನು... ಇಪ್ಪತ್ತು ಜನರಿದ್ದ ಆ ಸಭೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅಷ್ಟು ಹೊತ್ತು ವಾದ ಮಾಡಿದ ನನಗೂ ಗೊತ್ತಿರಲಿಲ್ಲ. ಹಾಗೆಂದು ಒಪ್ಪಿಕೊಂಡರೆ ನನ್ನ ಗೆಲುವು ನಗೆಪಾಟಲಾಗುತ್ತಿತ್ತು. “ಗೊತ್ತು ಸಾರ್, ಪೂರ್ತಿ ವಿವರ ನಾಳೆ ಬರೆದುಕೊಡ್ತೀನಿ” ಎಂದೆ.

ಮನೆಗೆ ಬಂದರೆ ಹಿತ್ತಲಲ್ಲಿ ಅವರ ಕೊಪ್ಪರಿಗೆ ಬೋರಲು ಬಿದ್ದಿತ್ತು. ಹಿಂದಿನ ವಾರ ನಮ್ಮ ಎರಡನೇ ಮಗಳ ನಾಮಕರಣಕ್ಕೆ ತಂದದ್ದು, ಇನ್ನೂ ವಾಪಸು ಕೊಟ್ಟಿರಲಿಲ್ಲ. ಅಂಚಿನಲ್ಲಿ ಹೆಸರು ಸ್ಪಷ್ಟವಾಗಿತ್ತು. ಪಾತ್ರೆಯ ಮೇಲೆ ಪಾತ್ರೆಯವರ ಹೆಸರಿರುತ್ತದೆ, ಇದಕ್ಕಿಂತ ಸಾಕ್ಷಿ ಏನು ಬೇಕು? ಬಾವಿಮನೆ ನಲವತ್ತು ಹೆಜ್ಜೆ ದೂರ. ಹೋಗಿ ಕೇಳಬಹುದಿತ್ತು. ಆದರೆ ಏಳೆಂಟು ವರ್ಷ ನೀರು ಸೇದಿಕೊಂಡು ಬಂದು, ಈಗ ಹೋಗಿ ನಿಮ್ಮ ಹೆಸರೇನಮ್ಮ ಎಂದು ಹೇಗೆ ಕೇಳುವುದು? ನಾಚಿಕೆಯಾಯಿತು. ಜೊತೆಗೆ ಬೋರ್ಡು ತೋರಿಸಿ ಅವರನ್ನು ಬೆರಗು ಮಾಡಬೇಕು ಎನ್ನುವ ಹುಡುಗುಬುದ್ಧಿ ಬೇರೆ. ದುಂಡಗಿನ ಅಕ್ಷರದಲ್ಲಿ ‘ಶ್ರೀಮತಿ ಮುನಿಯಮ್ಮನವರ ಉದ್ಯಾನವನ’ ಎಂದು ಬರೆದುಕೊಟ್ಟೆ.

ಉದ್ಘಾಟನೆಯ ದಿನ ಬೀದಿಗೆಲ್ಲ ಮಾವಿನೆಲೆ ತೋರಣ. ಅದೇ ಕೊಪ್ಪರಿಗೆಯಲ್ಲಿ ಸಿಹಿ ಪೊಂಗಲ್ ಬೇಯಿಸಿದೆವು. ನಿಮಗೊಂದು ಮರ್ಯಾದೆ ಇದೆ ಎಂದಷ್ಟೇ ಹೇಳಿ ಅವರನ್ನು ಕರೆತಂದಿದ್ದೆ. ಇಳಕಲ್ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಮುಂದಿನ ಸಾಲಿನಲ್ಲಿ ಕುರ್ಚಿಯ ತುದಿಯಲ್ಲಿ ಕೂತಿದ್ದರು. ತಾವು ರಾಗಿ ಒಕ್ಕುತ್ತಿದ್ದ ಜಾಗದಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುವುದು ಅವರಿಗೆ ಸಂಕೋಚ. ಬೋರ್ಡಿನ ಮೇಲೆ ಬಟ್ಟೆ ಮುಚ್ಚಿತ್ತು. ತೆಗೆದಿದ್ದರೂ ಅವರಿಗೆ ಓದು ಬರುತ್ತಿರಲಿಲ್ಲ.

ಮೈಕಿನಲ್ಲಿ ಅಧ್ಯಕ್ಷರು ಕೂಗಿದರು. ಈ ಬಡಾವಣೆಗೆ ನೀರು ಕೊಟ್ಟ ಮಹಾತಾಯಿ ಶ್ರೀಮತಿ ಮುನಿಯಮ್ಮನವರು ಬಂದು ಟೇಪು ಕತ್ತರಿಸಬೇಕು ಎಂದು. ಜನ ಚಪ್ಪಾಳೆ ತಟ್ಟಿದರು. ಬಾವಿಮನೆಯಮ್ಮ ಏಳಲಿಲ್ಲ. ಅವರೂ ಚಪ್ಪಾಳೆ ತಟ್ಟಿ, ಯಾರು ಬರುತ್ತಾರೆಂದು ಹಿಂದಕ್ಕೆ ತಿರುಗಿ ನೋಡಿದರು.

ಅಜ್ಜಿಗೆ ಕಿವಿ ಮಂದ ಎಂದು ಯಾರೋ ನಕ್ಕರು. ಅವರ ಕಿವಿ ಎಷ್ಟು ಚುರುಕೆಂದು ನನಗೆ ಗೊತ್ತಿತ್ತು, ಹಗ್ಗದ ಸದ್ದಿನಲ್ಲೇ ಕೊಡ ಎಷ್ಟು ತುಂಬಿದೆ ಎಂದು ಹೇಳುತ್ತಿದ್ದರು. ಓಡಿಹೋಗಿ ಅವರ ಕೈ ಹಿಡಿದು, “ನೀವೇ ಅಮ್ಮ, ಏಳಿ” ಎಂದೆ. ಅವರು ನನ್ನ ಮುಖ ನೋಡಿದರು, ಮೈಕಿನ ಕಡೆ ನೋಡಿದರು. ಅರ್ಥವಾಯಿತು ಎಂದು ಕಾಣುತ್ತದೆ. ಸೆರಗು ಸರಿ ಮಾಡಿಕೊಂಡು ಎದ್ದು ಹೋಗಿ ಟೇಪು ಕತ್ತರಿಸಿ, ಎಲ್ಲರಿಗೂ ಕೈ ಮುಗಿದರು. ಆಮೇಲೆ ಮಕ್ಕಳಿಗೆ ಪೊಂಗಲ್ ಬಡಿಸಲು ನಿಂತರು.

ಮಾರನೆಯ ದಿನ ಕೊಪ್ಪರಿಗೆ ತೊಳೆದು, ಇನ್ನೊಂದು ಕಡೆ ಪಕ್ಕದ ಮನೆಯ ಹುಡುಗನಿಗೆ ಹಿಡಿಸಿ ವಾಪಸು ಕೊಡಲು ಹೋದೆ, ಇಳಿಸಿ ಅವನು ಹೊರಟ. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಒಂದು ಅಚ್ಚು ಬೆಲ್ಲ ಇಟ್ಟಿದ್ದೆ. ಅವರು ಬಾವಿಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ಅಂಚಿನ ಅಕ್ಷರಗಳ ಮೇಲೆ ಬೆರಳಿಟ್ಟು, “ಅಮ್ಮಾ, ಇದು ನಿಮ್ಮ ಹೆಸರಲ್ವಾ?” ಎಂದೆ.

“ಅಲ್ಲ ಕಣವ್ವ. ನಮ್ಮ ಯಜಮಾನ್ರ ಮೊದಲ್ನೇ ಎಂಡ್ರು ಅವ್ಳು. ನನ್ ಮದ್ವೆ ಆಗಾಕ್ ಮುಂಚೇನೇ ತೀರೋಗಿದ್ಲು. ಈ ಕಡೀಕೆ ಕಾಲೂ ಇಟ್ಟಿಲ್ಲ.” ಎರಡು ಕಾಯಿ ಸುಲಿದು ಮತ್ತೆ ಹೇಳಿದರು. “ಅವ್ಳ್ ಸೀರೆ ಉಟ್ಟೆ, ಅವ್ಳ್ ಪಾತ್ರೆ ಬೆಳಗ್ದೆ. ನಮ್ಮತ್ತೆ ಸಾಯೋಗಂಟ ನನ್ನ ಅವ್ಳ್ ಎಸ್ರಲ್ಲೇ ಕೂಗ್ತಿದ್ಲು. ಈ ಬಾವಿ, ಈ ಕಣ, ಇವೆರಡೇ ನಂದು ಅಂತಿದ್ದಿದ್ದು.” ಸ್ವಲ್ಪ ನಕ್ಕರು. “ಪುಣ್ಯಾತ್ಗಿತ್ತಿ, ಅದ್ನೂ ತಗಂಡ್ಲು.”

ನಾನು ಅತ್ತುಬಿಟ್ಟೆ. ತಪ್ಪಾಯಿತು, ಇವತ್ತೇ ಹೋಗಿ ಹೇಳ್ತೀನಿ, ಬೋರ್ಡು ಬದಲಾಯಿಸ್ತೀನಿ ಎಂದೆಲ್ಲ ಒದರಿದೆ. ಅವರು ಕೈಯಲ್ಲಿದ್ದ ಸಿಪ್ಪೆ ಕೆಳಗೆ ಹಾಕಿ, ನನ್ನ ತಲೆ ಸವರಿ, “ಓಗ್ಲಿ ಬಿಡವ್ವ. ಅಷ್ಟು ಜನದ್ ಮುಂದೆ ನಿನ್ ಮಾನ ಯಾಕೆ ಕಳೀಬೇಕು” ಎಂದರು. ಆಮೇಲೆ ಸುಲಿಯುವುದನ್ನು ನಿಲ್ಲಿಸಿ, ನನ್ನ ಮುಖವನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕೂತಿದ್ದರು. ಏನೋ ಕೇಳುತ್ತೇನೆಂದು ಕಾಯುತ್ತಿದ್ದಂತಿತ್ತು. ನಾನು ಕಣ್ಣೊರೆಸಿಕೊಂಡು, ಮಗು ಅಳುತ್ತದೆ ಎಂದು ಎದ್ದು ಬಂದೆ.

ಆ ‘ಓಗ್ಲಿ ಬಿಡು’ ನನಗೆ ಬೇಕಾಗಿತ್ತು, ಅದೇ ನಿಜ. ದೊಡ್ಡವರೇ ಬೇಡ ಎಂದರಲ್ಲ ಎಂದು ಅದನ್ನು ಸೆರಗಿಗೆ ಗಂಟು ಹಾಕಿಕೊಂಡೆ. ಸಂಘಕ್ಕೆ ಹೋಗಿ ತಪ್ಪು ನನ್ನದು ಎಂದು ಹೇಳಲಿಲ್ಲ. ಮುಂದಿನ ವಾರ, ಮುಂದಿನ ತಿಂಗಳು, ಯುಗಾದಿ ಕಳೆಯಲಿ... ಅಷ್ಟರಲ್ಲಿ ನಲ್ಲಿ ಬಂತು. ಬಾವಿಯ ಹತ್ತಿರ ಹೋಗುವುದೇ ನಿಂತಿತು. ಸಿಕ್ಕಾಗ ಮೊದಲಿನ ಹಾಗೇ ಮಾತನಾಡಿಸುತ್ತಿದ್ದರು, ನಾನೇ ಬೇರೆ ದಾರಿ ಹಿಡಿದು ಹೋಗುತ್ತಿದ್ದೆ. ಒಂದು ಬೇಸಿಗೆಯಲ್ಲಿ ನಾನು ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿ ಬರುವಷ್ಟರಲ್ಲಿ ಮನೆಗೆ ಬೀಗ ಬಿದ್ದಿತ್ತು. ಹುಷಾರಿಲ್ಲವೆಂದು ಅಣ್ಣನ ಮಗ ಗಾಡಿಯಲ್ಲಿ ಕರೆದುಕೊಂಡು ಹೋದನಂತೆ. ಮಳೆಗಾಲಕ್ಕೆ ಅವರು ತೀರಿಹೋದ ಸುದ್ದಿ ಬಂತು. ಮನೆ ಮಾರಾಟವಾಯಿತು, ಬಾವಿಗೆ ಮಣ್ಣು ಹಾಕಿದರು. ಅಣ್ಣನ ಮನೆಯವರೂ ಊರು ಬಿಟ್ಟರೆಂದು ಕೇಳಿದೆ. ಕಂದಾಯದ ಕಾಗದದಲ್ಲಿ ನೋಡಿಸಿದೆ, ಅದು ಕೊನೆಯವರೆಗೂ ಗಂಡನ ಹೆಸರಿನಲ್ಲೇ ಇತ್ತು.

ಪಾರ್ಕು ಮಾತ್ರ ಹಾಗೇ ಇದೆ. ಗುಲ್‌ಮೊಹರ್ ಮರಗಳು ಮುದಿಯಾಗಿವೆ. ಅಲ್ಲಿ ನಡೆಯುವವರು ಮುನಿಯಮ್ಮ ಪಾರ್ಕಿನಲ್ಲಿ ಸಿಗೋಣ ಎನ್ನುತ್ತಾರೆ. ಆಟೋದವರಿಗೂ ಅದೇ ಗುರುತು. ಬಂದೇ ಇರದ ಹೆಂಗಸು ಅಲ್ಲಿ ಅಷ್ಟು ಗಟ್ಟಿಯಾಗಿ ನೆಲೆಯಾಗಿದ್ದಾಳೆ.

ಲಿಫ್ಟಿನ ಪಕ್ಕದ ಕೊಪ್ಪರಿಗೆ ತಿಕ್ಕುವುದನ್ನು ನೋಡಿದ ಎರಡು ದಿನಕ್ಕೆ ಆ ಬಡಾವಣೆಯ ಈಗಿನ ಸಂಘದಿಂದ ಒಬ್ಬ ಹುಡುಗಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಹಳೇ ನಡಾವಳಿ ಪುಸ್ತಕದಲ್ಲಿ ನನ್ನ ಕೈಬರಹ ಸಿಕ್ಕಿತಂತೆ. ಪಾರ್ಕಿನ ಬಾಗಿಲಲ್ಲಿ ಕಲ್ಲು ನೆಟ್ಟು, ಮುನಿಯಮ್ಮನವರ ಬಗ್ಗೆ ನಾಲ್ಕು ಸಾಲು ಕೆತ್ತಿಸುತ್ತಾರಂತೆ. “ಅವರನ್ನ ನೋಡಿದವರು ನೀವೊಬ್ರೇ ಅಂತೆ ಅಜ್ಜಿ, ಹೇಳಿ” ಎಂದು ರೆಕಾರ್ಡ್ ಮಾಡಲು ಫೋನನ್ನು ನನ್ನ ಮುಂದಿಟ್ಟು ಕೂತಳು. ಈ ಸಲ ನಾನು ಬಾಯಿ ಮುಚ್ಚಿಕೊಳ್ಳಲಿಲ್ಲ. ಬಾವಿ, ಬಂಡೆ, ಕೊಪ್ಪರಿಗೆ, ಮೈಕು, ಅವರು ಹಿಂದಕ್ಕೆ ತಿರುಗಿ ನೋಡಿದ್ದು, ಎಲ್ಲ ಹೇಳಿದೆ. ಅವಳ ಕಣ್ಣು ತುಂಬಿತು. ಒಳ್ಳೆಯ ಹುಡುಗಿ.

“ಹಾಗಾದ್ರೆ ಬೋರ್ಡು ಬದಲಾಯಿಸೋಣ ಅಜ್ಜಿ. ಅವರ ನಿಜವಾದ ಹೆಸರೇನು?”

ಅರವತ್ತು ವರ್ಷದಲ್ಲಿ ನಾನು ಕೇಳದೆ ಹೋದದ್ದನ್ನು ಅವಳು ಬಂದ ಅರ್ಧ ಗಂಟೆಯಲ್ಲಿ ಕೇಳಿದಳು. ಹೆಸರು ಬರೆದುಕೊಳ್ಳಲು ಪೆನ್ನು ತೆಗೆದು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಾ ಕಾದಳು. ಬಾವಿಕಟ್ಟೆಯ ಮೇಲೆ ಅವರು ಕಾದ ಹಾಗೆ.

“ಗೊತ್ತಿಲ್ಲ ಕಣಮ್ಮ” ಎಂದೆ.